ರೋಗಿ ಊರಿಗೆ ಬಂದರೆ ಸಾಲದು, ಚೀಟಿಯೂ ಬರಬೇಕು

ಕುಂದಾಪುರ: "ಇನ್ನು ಮಣಿಪಾಲದಲ್ಲಿ ಎಂತಕ್ಕೆ ಮಾರಾಯ್ರೆ? ಊರಿನ ಆಸ್ಪತ್ರೆಗೆ ತಂದರೆ ಮನೆಯಿಂದ ಒಂದು ತಟ್ಟೆ ಗಂಜಿಯಾದರೂ ಕೊಂಡೋಗಬಹುದು."

ಬಸ್ ಸ್ಟ್ಯಾಂಡಿನಲ್ಲಿ ಆಗಾಗ ಕಿವಿಗೆ ಬೀಳುವ ಮಾತಿದು. ಮಾತಿನಲ್ಲಿ ತಪ್ಪಿಲ್ಲ. ಬೈಂದೂರಿನಿಂದ ಮಣಿಪಾಲಕ್ಕೆ ಸುಮಾರು 70 ಕಿ.ಮೀ. ರೋಗಿಯ ಬಳಿ ಕೂರುವವರ ಅಂಗಡಿ ಬಾಗಿಲು ಮುಚ್ಚುತ್ತದೆ, ಕೂಲಿ ತಪ್ಪುತ್ತದೆ. ಗಂಡಾಂತರ ಕಳೆದವರನ್ನು ಕುಂದಾಪುರದ ಸರಕಾರಿ ಆಸ್ಪತ್ರೆಗೋ, ಬೈಂದೂರು, ಬ್ರಹ್ಮಾವರಗಳ ಸಮುದಾಯ ಆರೋಗ್ಯ ಕೇಂದ್ರಕ್ಕೋ ತರುವುದು ಒಳ್ಳೆಯದೇ. ಆದರೆ ತರುವ ರೀತಿ?

ದೊಡ್ಡಾಸ್ಪತ್ರೆಗೆ ಹೋಗುವಾಗ ಒಂದು ಕ್ರಮ ಉಂಟು. ತುರ್ತಿಗೆ 2008ರಿಂದ 108 ಉಂಟು. ಆಯುಷ್ಮಾನ್ ಕಾರ್ಡಿನವರು ಸರಕಾರಿ ಆಸ್ಪತ್ರೆಯ ರೆಫರಲ್ ಚೀಟಿಯನ್ನು ಚಿನ್ನದ ಹಾಗೆ ಜೋಪಾನ ಮಾಡುತ್ತಾರೆ. ಹಿಂದೆ ಬರುವಾಗ ಸಾಮಾನ್ಯವಾಗಿ ಬಾಡಿಗೆ ವಾಹನವೇ ಗತಿ. ಡಿಸ್ಚಾರ್ಜ್ ಸಮ್ಮರಿ ಬಟ್ಟೆ ಚೀಲದ ತಳ ಸೇರಿರುತ್ತದೆ.

ಸ್ಟೆಂಟ್ ಹಾಕಿಸಿಕೊಂಡ ಅಜ್ಜಿಯೊಬ್ಬರು ಹೀಗೆ ಬಂದರು ಎಂದಿಟ್ಟುಕೊಳ್ಳಿ. ರಕ್ತ ಹೆಪ್ಪುಗಟ್ಟದ ಹಾಗೆ ಕೊಡುವ ಮಾತ್ರೆಯನ್ನು ಬೆಳಿಗ್ಗೆ ಕೊಟ್ಟಾಗಿದೆಯೇ? ಊರಿನ ನರ್ಸಿಗೆ ಗೊತ್ತಿಲ್ಲ, ಜೊತೆಗೆ ಬಂದ ಮಗನಿಗೂ ಗೊತ್ತಿಲ್ಲ. ಮನೆಯ ಡಬ್ಬದಲ್ಲಿ ಹಳೆಯ ಮಾತ್ರೆ, ಆಸ್ಪತ್ರೆಯ ಪೊಟ್ಟಣದಲ್ಲಿ ಹೊಸದು. ಕಂಪೆನಿ ಇಟ್ಟ ಹೆಸರು ಬೇರೆ, ಒಳಗಿನ ಮದ್ದು ಒಂದೇ! ಎರಡನ್ನೂ ನುಂಗಿದರೆ ರಕ್ತಸ್ರಾವದ ಭಯ. ಎರಡನ್ನೂ ಬಿಟ್ಟರೆ ಸ್ಟೆಂಟಿನಲ್ಲೇ ರಕ್ತ ಹೆಪ್ಪುಗಟ್ಟುವ ಭಯ. ಇನ್ಸುಲಿನ್ ಕಥೆಯೂ ಇದೇ.

ಇದು ನಮ್ಮ ಊರಿನ ತೊಂದರೆ ಮಾತ್ರವಲ್ಲ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಮದ್ದಿನ ತಪ್ಪುಗಳ ವಿರುದ್ಧ ಜಗತ್ತಿನಾದ್ಯಂತ ಅಭಿಯಾನ ಹೂಡಿದಾಗ ಮುಖ್ಯವೆಂದು ಗುರುತಿಸಿದ ಮೂರು ಜಾಗಗಳಲ್ಲಿ ರೋಗಿ ಒಂದು ಕೈಯಿಂದ ಇನ್ನೊಂದು ಕೈಗೆ ದಾಟುವ ಹೊತ್ತೂ ಒಂದು.

ಇನ್ನು ದಾರಿಯ ಮಾತು. 1,500 ಲೀಟರಿನ ಆಮ್ಲಜನಕದ ಸಿಲಿಂಡರು ನಿಮಿಷಕ್ಕೆ 10 ಲೀಟರಿನಂತೆ ಎರಡೂವರೆ ಗಂಟೆ ಬರುತ್ತದೆ. ಅರ್ಧ ಖಾಲಿಯಾದದ್ದಾದರೆ ಒಂದೂಕಾಲು ಗಂಟೆ. ಮಳೆಗಾಲದ ಹೆದ್ದಾರಿಯಲ್ಲಿ ವಾಹನ ಎಲ್ಲಿಯಾದರೂ ಸಿಕ್ಕಿಬಿದ್ದರೆ? ಅವಸರವೂ ಬೇಡ. 2022ರ ಜುಲೈ 20ರಂದು ಬೈಂದೂರು ಬಳಿಯ ಶಿರೂರು ಟೋಲ್‌ಗೇಟಿನಲ್ಲಿ ಹೊನ್ನಾವರ ಕಡೆಯಿಂದ ರೋಗಿಯನ್ನು ತರುತ್ತಿದ್ದ ಆ್ಯಂಬುಲೆನ್ಸ್ ಒದ್ದೆ ರಸ್ತೆಯಲ್ಲಿ ಜಾರಿ ಅಪ್ಪಳಿಸಿ ನಾಲ್ವರು ಸತ್ತದ್ದನ್ನು ಈ ಭಾಗದವರು ಮರೆತಿಲ್ಲ. ಗಂಡಾಂತರ ಕಳೆದ ರೋಗಿಗೆ ಸೈರನ್ನಿನ ಓಟ ಬೇಕಾಗಿಲ್ಲ. ಹಗಲು ಹೊತ್ತಿನ ನಿಧಾನದ ಪ್ರಯಾಣ ಸಾಕು.

ಹಾಗಾದರೆ ಮನೆಯವರು ಮಾಡಬೇಕಾದ್ದೆಂತ? ಹೊರಡುವ ಮೊದಲೇ ಅಲ್ಲಿನ ವೈದ್ಯರು ಇಲ್ಲಿನ ವೈದ್ಯರ ಹತ್ತಿರ ಫೋನಿನಲ್ಲಿ ಮಾತಾಡಲಿ. ಇಲ್ಲಿ ಹಾಸಿಗೆ ಇದೆಯೇ, ಬೇಕಾದ ಮದ್ದು ಸಿಗುತ್ತದೆಯೇ ಎಂದು ಖಾತ್ರಿಯಾಗಲಿ. ಯಾವ ಮದ್ದು, ಕೊನೆಗೆ ಕೊಟ್ಟದ್ದು ಎಷ್ಟು ಗಂಟೆಗೆ, ಯಾವ ಹಳೆಯ ಮಾತ್ರೆ ನಿಲ್ಲಿಸಬೇಕು, ಯಾವ ಲಕ್ಷಣ ಕಂಡರೆ ವಾಪಸು ಕರೆದೊಯ್ಯಬೇಕು, ಇಷ್ಟನ್ನೂ ಓದಲು ಬರುವ ಅಕ್ಷರದಲ್ಲಿ ಬರೆಸಿಕೊಳ್ಳಿ. ಚೀಟಿ ಚೀಲದೊಳಗಲ್ಲ, ಕೈಯಲ್ಲಿರಲಿ. ಮನೆಯ ಮಾತ್ರೆ ಡಬ್ಬವನ್ನೂ ತಂದು ಇಲ್ಲಿನ ನರ್ಸಿಗೆ ತೋರಿಸಿ. ಕೇಳಿದರೆ ಡಾಕ್ಟರು ಬೈದಾರು ಎಂಬ ಅಂಜಿಕೆ ಬೇಡ. ಕೇಳುವುದು ರೋಗಿಯ ಹಕ್ಕು.

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎನ್ನುವವರುಂಟು. ಆದರೆ ದೊಡ್ಡಾಸ್ಪತ್ರೆಯ ಬಾಗಿಲು ದಾಟಿದ ರೋಗಿಗೆ ಹೊಳೆ ಇನ್ನೂ ಅರ್ಧ ಬಾಕಿ ಉಂಟು.