ಬಾಡಿಗೆ ಮನೆಗೆ ಮೊದಲು ಬಡಾವಣೆಯ ವಿಚಾರ

ಸಂಸಾರವಂದಿಗನು ಒಂದೂರನ್ನು ಬಿಟ್ಟು ಇನ್ನೊಂದೂರಿಗೆ ಹೋಗುವಾಗ ಮನೆಯನ್ನು ಹುಡುಕುವನೇ ಹೊರತು ನೆರೆಯನ್ನು ಹುಡುಕುವುದಿಲ್ಲ. ಕೊಠಡಿಗಳೆಷ್ಟು, ಬಾಡಿಗೆಯೆಷ್ಟು, ಮುಂಗಡವೆಷ್ಟು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ದೊರೆತೊಡನೆ ಹಣವನ್ನೆಣಿಸಿ ಬೀಗದ ಕೈಯನ್ನು ಪಡೆದುಬಿಡುವನು. ಗೋಡೆಗೆ ಸುಣ್ಣ ಹೊಡೆಯಿಸಬಹುದು. ಸೋರುವ ನಲ್ಲಿಯನ್ನು ಸರಿಮಾಡಿಸಬಹುದು. ಆದರೆ ಬೀದಿಯನ್ನೂ ನೀರನ್ನೂ ನೆರೆಹೊರೆಯನ್ನೂ ತಿದ್ದುವ ಶಕ್ತಿ ಯಾವ ಬಾಡಿಗೆದಾರನಿಗೂ ಇಲ್ಲ. ಪ್ರತಿವರ್ಷವೂ ಬೇಸಗೆಯ ರಜೆಯಲ್ಲಿ ಮಲೆನಾಡಿನಿಂದಲೂ ಬಯಲುಸೀಮೆಯಿಂದಲೂ ಮಕ್ಕಳು ಮುದುಕರೊಡನೆ ಬೆಂಗಳೂರಿಗೆ ಬಂದಿಳಿಯುವ ಕುಟುಂಬಗಳಿಗೆ ಉಪಯೋಗವಾದೀತೆಂದು ಈ ವಿಷಯವನ್ನು ಕುರಿತು ಎರಡು ಮಾತುಗಳನ್ನು ವಾಚಕರ ಮುಂದಿಡುತ್ತೇವೆ.

ವಾಸಯೋಗ್ಯವಾದ ಸ್ಥಳಕ್ಕೆ ಏನೇನು ಇರಬೇಕೆಂಬುದನ್ನು ನಮ್ಮ ಪ್ರಾಚೀನ ನೀತಿಕಾರರು ವಿಚಾರಿಸದೆ ಬಿಟ್ಟಿಲ್ಲ. ಕಷ್ಟಕಾಲಕ್ಕೆ ಕೈಗಡ ಕೊಡಬಲ್ಲ ಸಿರಿವಂತ, ಓದಿದವರು, ಆಳುವವರು, ನೀರು, ವೈದ್ಯ ಇವಿಷ್ಟೂ ಇಲ್ಲದ ಕಡೆ ಬಿಡಾರ ಹೂಡಬಾರದೆಂಬುದು ಅವರ ಅಭಿಪ್ರಾಯ. ಸಿರಿವಂತನ ಸ್ಥಾನದಲ್ಲಿ ಈಗ ಬ್ಯಾಂಕು ಕುಳಿತಿದೆ. ಮಿಕ್ಕ ನಾಲ್ಕರ ಮಾತು ಇಂದಿಗೂ ಸಲ್ಲುವುದು. ಆದರೆ ಅವರು ಹೇಳದೆ ಹೋದ ಒಂದಂಶವುಂಟು. ಅವರ ಕಾಲದಲ್ಲಿ ದುಡಿಮೆಯ ಸ್ಥಳವೂ ಮನೆಯೂ ಒಂದೇ ಊರಿನಲ್ಲಿದ್ದುವು. ಈಗ ದುಡಿಯುವವನು ಹಗಲನ್ನು ಒಂದು ಕಡೆ ಕಳೆಯುತ್ತಾನೆ, ಅವನ ಮನೆಯವರು ಮತ್ತೊಂದು ಕಡೆ. ಹೀಗಿರುವಾಗ ಮನೆಯನ್ನು ಆರಿಸುವವನೊಬ್ಬ, ಅಲ್ಲಿ ಬಾಳುವವರು ಬೇರೆಯವರು ಎಂಬ ವಿಚಿತ್ರ ಸ್ಥಿತಿ ಒದಗಿದೆ.

ಇದನ್ನು ನಾವು ಬರಿಯ ತರ್ಕದಿಂದ ಹೇಳುತ್ತಿಲ್ಲ. ನಮ್ಮ ಅಕ್ಕನ ಮಗನಿಗೆ ಸಾಗರದಿಂದ ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯ ಕಚೇರಿಯೊಂದಕ್ಕೆ ವರ್ಗವಾಯಿತು. ಅವನು, ಹೆಂಡತಿ, ಹನ್ನೊಂದು ಮತ್ತು ಆರು ವರ್ಷದ ಇಬ್ಬರು ಮಕ್ಕಳು, ಎಪ್ಪತ್ತರ ಅಂಚಿನಲ್ಲಿರುವ ತಾಯಿ, ಹೀಗೆ ಐದು ಮಂದಿಯ ಸಂಸಾರ. ಕಚೇರಿಗೆ ನಡೆದೇ ಹೋಗುವಷ್ಟು ಹತ್ತಿರದಲ್ಲಿ ಮನೆ ಮಾಡಬೇಕೆಂದು ಅವನ ಹಟ. ನಾಲ್ಕು ದಿನ ಅವರೊಡನೆ ಸುತ್ತಿದ ನಾವು ಅವನ ಮುಂದೆ ಒಂದು ಹಾಳೆಯನ್ನಿಟ್ಟು ಹೊತ್ತಿನ ಲೆಕ್ಕವನ್ನು ಬರೆಯಹೇಳಿದೆವು. ಕೆಲಸದ ದಿನ ಯಾರು ಯಾರು ಎಷ್ಟೆಷ್ಟು ಗಂಟೆ ಎಚ್ಚರವಾಗಿ ಆ ಬಡಾವಣೆಯಲ್ಲಿರುತ್ತಾರೆ? ಅವನದು ಐದು ಗಂಟೆ, ಹೆಂಡತಿಯದು ಹದಿನಾಲ್ಕು, ಮಕ್ಕಳದು ಎಂಟೆಂಟು, ತಾಯಿಯದು ಹದಿನಾರು. ಒಟ್ಟು ಐವತ್ತೊಂದು ಗಂಟೆಯಲ್ಲಿ ಯಜಮಾನನ ಪಾಲು ಹತ್ತರಲ್ಲೊಂದು! ಇಡೀ ಆಯ್ಕೆಯಾದರೋ ಆ ಒಂದು ಪಾಲಿನ ಅನುಕೂಲಕ್ಕಾಗಿ ನಡೆಯುತ್ತಿತ್ತು. ಲೆಕ್ಕದ ಹಾಳೆಯನ್ನು ಅವನು ಮಡಿಸಿ ಜೇಬಿನಲ್ಲಿಟ್ಟುಕೊಂಡನು, ಮಾತನಾಡಲಿಲ್ಲ.

ಪ್ರಯಾಣದ ಆಯಾಸವನ್ನು ಕಡೆಗಣಿಸಬೇಕೆಂದು ನಮ್ಮ ಮತವಲ್ಲ. ಬೀದಿಯಲ್ಲಿ ಮೂರು ಗಂಟೆ ಕಳೆದು ಬಂದ ತಂದೆಯು ಮಕ್ಕಳ ಪಾಲಿಗೆ ಇದ್ದೂ ಇಲ್ಲದಂತೆಯೇ ಸರಿ. ಅದಕ್ಕಾಗಿಯೇ ಭೂಪಟವನ್ನು ನೋಡಿ ಅಂತರವನ್ನು ಮೈಲಿಗಳಲ್ಲಿ ಅಳೆಯದೆ ಗಂಟೆಗಳಲ್ಲಿ ಅಳೆಯಬೇಕು. ೨೦೨೫ರ ಆಗಸ್ಟಿನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ ಸುಮಾರು ೧೯ ಕಿಲೋಮೀಟರಿನ ಹಳದಿ ಮೆಟ್ರೊ ಮಾರ್ಗವು ತೆರೆಯಿತು. ಅಲ್ಲಿಯವರೆಗೆ ಜಯನಗರದವನಿಗೆ ಎಲೆಕ್ಟ್ರಾನಿಕ್ ಸಿಟಿಯು ಸಿಲ್ಕ್ ಬೋರ್ಡಿನ ವಾಹನಗಳ ಜಂಗುಳಿಯ ಆಚೆಗಿದ್ದ ಬೇರೊಂದು ದೇಶವೇ ಆಗಿತ್ತು. ಆಮೇಲೆ ರೈಲಿನ ದಾರಿ ಅರ್ಧ ಗಂಟೆಯ ಆಸುಪಾಸಿಗೆ ಇಳಿಯಿತು. ಮಲ್ಲೇಶ್ವರದವನಾದರೆ ಮೊದಲು ಹಸುರು ಮಾರ್ಗದಲ್ಲಿ ಬಂದು ಆರ್.ವಿ. ರಸ್ತೆಯಲ್ಲಿ ಬಂಡಿ ಬದಲಾಯಿಸಬೇಕು. ಮನೆಯಿಂದ ನಿಲ್ದಾಣಕ್ಕೆ ನಡೆಯುವುದೂ ಸೇರಿ ಒಂದೂಕಾಲು ಗಂಟೆಗೆ ಕಡಿಮೆಯಿಲ್ಲ. ಟಿಕೆಟ್ಟಿನ ದರವನ್ನೂ ಲೆಕ್ಕಕ್ಕೆ ಹಿಡಿಯತಕ್ಕದ್ದು. ೨೦೨೫ರ ಫೆಬ್ರವರಿಯಲ್ಲಿ ಮೆಟ್ರೊ ದರವನ್ನು ಹೆಚ್ಚಿಸಿ ಗರಿಷ್ಠ ೯೦ ರೂಪಾಯಿಗಳಿಗೆ ಏರಿಸಿದರು.

ನಾವು ನೋಡಿದ ಮೂರು ಕಡೆಗಳಲ್ಲಿ ಮೊದಲನೆಯದು ಕಚೇರಿಯ ಮಗ್ಗುಲಿನದು. ಏಳನೆಯ ಅಂತಸ್ತು, ವಿಶಾಲವಾದ ಕೊಠಡಿಗಳು, ಎರಡು ಲಿಫ್ಟು, ವಿದ್ಯುತ್ತು ಹೋದರೂ ಆರದ ದೀಪ, ಬಾಗಿಲಲ್ಲಿ ಕಾವಲುಗಾರ. ಅಷ್ಟೇ ಅಳತೆಯ ಮನೆಗೆ ಹಳೆಯ ಬಡಾವಣೆಗಳಲ್ಲಿ ಕೇಳುವ ಬಾಡಿಗೆಗಿಂತ ಇಲ್ಲಿ ಕಡಿಮೆಯೇ. ಹೊಸದಾಗಿ ಮದುವೆಯಾದ ದಂಪತಿಗಳಿಗೆ ಇದನ್ನು ಬೇಡವೆನ್ನಲು ನಮಗೆ ಕಾರಣ ಕಾಣುವುದಿಲ್ಲ. ಅಕ್ಕ ಬಾಲ್ಕನಿಯಲ್ಲಿ ಸ್ವಲ್ಪ ಹೊತ್ತು ನಿಂತಿದ್ದು, "ಏನೋ ತಮ್ಮಾ, ಇಲ್ಲಿಂದ ಕೆಳಗೆ ನೋಡಿದ್ರೆ ತಲೆ ಕಾಣುತ್ತೆ, ಮುಖ ಕಾಣೋಲ್ಲ" ಎಂದಳು. ಮಗನು, "ಅಮ್ಮಾ, ಕೆಳಗೆ ಉದ್ಯಾನ ಇದೆ, ಇಳಿದು ಹೋಗಬಹುದು" ಎಂದನು. "ಯಾರ ಜೊತೆ ಮಾತಾಡಲಿ? ಆ ಗೇಟಿನ ಹುಡುಗನಿಗೆ ಕನ್ನಡ ಬರೋಲ್ಲ, ನನಗೆ ಹಿಂದಿ ಬರೋಲ್ಲ" ಎಂದು ನಕ್ಕುಬಿಟ್ಟಳು. ನಗುವೇ ಆದರೂ ಅದರೊಳಗಿನ ಮಾತು ಸಣ್ಣದಲ್ಲ. ಊರಿನಲ್ಲಿ ದಿನಕ್ಕೆ ಹತ್ತು ಜನ ಹೆಸರು ಹಿಡಿದು ಕರೆಯುತ್ತಿದ್ದ ಮುದುಕಿಯನ್ನು ಏಳನೆಯ ಅಂತಸ್ತಿನಲ್ಲಿ ಕೂಡಿಸಿ ಟೆಲಿವಿಷನ್ನಿನ ಮುಂದೆ ಬಿಟ್ಟರೆ ಅವಳ ಊಟ ನಿದ್ರೆಗಳು ಎಷ್ಟು ದಿನ ಸರಿಯಾಗಿದ್ದಾವು?

ಎರಡನೆಯದು ಮಲ್ಲೇಶ್ವರ. ೧೮೯೮ರಲ್ಲಿ ಬೆಂಗಳೂರಿಗೆ ಪ್ಲೇಗಿನ ಮಾರಿ ಬಡಿದಾಗ ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರಕ್ಕೆ ತಂದು ನೆಲೆಗೊಳಿಸಿದ ಬಡಾವಣೆಗಳು ಮಲ್ಲೇಶ್ವರ ಮತ್ತು ಬಸವನಗುಡಿ. ರೋಗದ ಭಯದಿಂದ ಹುಟ್ಟಿದ ಬಡಾವಣೆಗಳಾದುದರಿಂದ ನೆಟ್ಟನೆಯ ಬೀದಿಗಳನ್ನೂ ಮನೆಗಳ ಹಿಂದೆ ಕಸ ಸಾಗಿಸುವ ಗಲ್ಲಿಗಳನ್ನೂ ಗಾಳಿಬೆಳಕುಗಳನ್ನೂ ಮೊದಲೇ ಎಣಿಸಿ ಮಾಡಿದರು. ಆ ಎಣಿಕೆಯ ಫಲವನ್ನು ನೂರಿಪ್ಪತ್ತೈದು ವರ್ಷಗಳ ಮೇಲೂ ಅಲ್ಲಿ ನಡೆಯುವವನ ಕಾಲು ತಿಳಿಯುತ್ತದೆ. ಎಂಟನೆಯ ಅಡ್ಡರಸ್ತೆಯ ಹೂವು ಹಣ್ಣಿನ ಅಂಗಡಿಗಳು, ಕಾಡುಮಲ್ಲೇಶ್ವರನ ಗುಡಿ, ಸರಕಾರದ ಕೆ.ಸಿ. ಜನರಲ್ ಆಸ್ಪತ್ರೆ, ಸಂಜೆ ಸುತ್ತಲು ಸ್ಯಾಂಕಿ ಕೆರೆಯ ದಂಡೆ, ಹೀಗೆ ವೃದ್ಧರಿಗೂ ಗೃಹಿಣಿಯರಿಗೂ ಬೇಕಾದ ಸಕಲವೂ ಕಾಲಳತೆಯಲ್ಲಿದೆ. ನಮ್ಮ ಮನಸ್ಸು ಇಲ್ಲಿಯೇ ನಿಂತಿತ್ತೆಂಬುದನ್ನು ಮುಚ್ಚಿಡುವುದೇಕೆ? ಆದರೆ ಅಳಿಯನ ಪ್ರಯಾಣದ ಗಂಟೆಗಳನ್ನು ಕೂಡಿದಾಗ ಲೆಕ್ಕ ಸರಿಹೋಗಲಿಲ್ಲ.

ಮೂರನೆಯದು ಬಸವನಗುಡಿ, ಜಯನಗರಗಳ ಕಡೆ. ಜಯನಗರಕ್ಕೆ ತಳಹದಿ ಬಿದ್ದುದು ೧೯೪೮ರಲ್ಲಿ. ಒಂದರ ಪಕ್ಕದಲ್ಲೊಂದು ಇರುವ ಈ ಎರಡು ಬಡಾವಣೆಗಳಲ್ಲಿ ಲಾಲ್‌ಬಾಗಿನ ನೆರಳು, ಗಾಂಧಿ ಬಜಾರಿನ ಹೂವು, ನಾಲ್ಕನೆಯ ಬ್ಲಾಕಿನ ಮಾರುಕಟ್ಟೆ, ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯ ಉಪನ್ಯಾಸಗಳು ಎಲ್ಲವೂ ಉಂಟು. ಇಲ್ಲಿ ಒಂದೆಚ್ಚರಿಕೆಯನ್ನು ಹೇಳಬೇಕು. ಒಂದಗುಳನ್ನು ಹಿಸುಕಿ ಪಾತ್ರೆಯ ಅನ್ನವೆಲ್ಲ ಬೆಂದಿತೆಂದು ತಿಳಿಯುವ ಸ್ಥಾಲೀಪುಲಾಕ ನ್ಯಾಯವು ಬಡಾವಣೆಗೆ ಸಲ್ಲದು. ಒಂದೇ ಬಸವನಗುಡಿಯಲ್ಲಿ ಒಂದು ಅಡ್ಡರಸ್ತೆ ತಪೋವನದಂತಿದ್ದರೆ, ಅದರ ಮುಂದಿನದು ತಿಂಡಿ ಹೋಟೆಲಿಗೆ ಬಂದವರ ವಾಹನಗಳಿಂದ ರಾತ್ರಿ ಹತ್ತರವರೆಗೂ ಗಿಜಿಗುಟ್ಟುತ್ತದೆ. ಕಾರ್ತಿಕದ ಕಡೆಯ ಸೋಮವಾರದ ಕಡಲೆಕಾಯಿ ಪರಿಷೆಯು ನೋಡುವವನಿಗೆ ಆನಂದ. ದೊಡ್ಡ ಬಸವಣ್ಣನ ಗುಡಿಯ ಎದುರಿನ ಬೀದಿಯಲ್ಲಿ ಮನೆಯಿದ್ದವನು ಆ ದಿನಗಳಲ್ಲಿ ಗಾಡಿಯನ್ನು ಹೊರತೆಗೆಯುವ ಆಸೆಯನ್ನು ಬಿಡಬೇಕು. ಆದುದರಿಂದ ಬೀದಿಯನ್ನೇ ಪರೀಕ್ಷಿಸತಕ್ಕದ್ದು. ಬೆಳಗಿನ ಆರು ಗಂಟೆಗೊಮ್ಮೆ, ಶಾಲೆಯ ಹೊತ್ತಿಗೊಮ್ಮೆ, ದೀಪ ಹಚ್ಚಿದ ಮೇಲೊಮ್ಮೆ ಅಲ್ಲಿ ನಡೆದು ನೋಡಬೇಕು. ದಲ್ಲಾಳಿಯನ್ನು ಕೇಳಿ ಫಲವಿಲ್ಲ. ಹಾಲಿನ ಬೂತಿನವನನ್ನೂ ಇಸ್ತ್ರಿ ಗಾಡಿಯವನನ್ನೂ ಕೇಳಿದರೆ ಆ ಬೀದಿಯ ಪುರಾಣವೆಲ್ಲ ತಿಳಿಯುವುದು.

ಇನ್ನು ನೀರು. ಎಲ್ಲಕ್ಕಿಂತ ಹೆಚ್ಚಾಗಿ ವಿಚಾರಿಸಬೇಕಾದುದೂ ಎಲ್ಲಕ್ಕಿಂತ ಕಡಿಮೆ ವಿಚಾರಿಸುವುದೂ ಇದನ್ನೇ. ಬೆಂಗಳೂರಿನ ಹತ್ತಿರ ಕುಡಿಯಲು ಬರುವ ನದಿಯಿಲ್ಲ. ತೊರೆಕಾಡನಹಳ್ಳಿಯಿಂದ ಸುಮಾರು ೧೦೦ ಕಿಲೋಮೀಟರ್ ದೂರ, ಸುಮಾರು ೫೦೦ ಮೀಟರ್ ಎತ್ತರಕ್ಕೆ ಕಾವೇರಿಯನ್ನು ಯಂತ್ರಗಳಿಂದ ಎತ್ತಿ ತರುತ್ತಾರೆ. ೧೯೭೪ರಲ್ಲಿ ಮೊದಲ ಹಂತದ ನೀರು ಬಂತು. ೨೦೦೭ರಲ್ಲಿ ನಗರಕ್ಕೆ ಸೇರಿದ ೧೧೦ ಹಳ್ಳಿಗಳಿಗಾಗಿ ದಿನಕ್ಕೆ ೭೭.೫ ಕೋಟಿ ಲೀಟರಿನ ಐದನೆಯ ಹಂತವು ೨೦೨೪ರ ಅಕ್ಟೋಬರಿನಲ್ಲಿ ಆರಂಭವಾಯಿತು. ಆದರೆ ಹಂತವು ಆರಂಭವಾದ ಮಾತ್ರಕ್ಕೆ ಪ್ರತಿಯೊಂದು ಮನೆಗೂ ಕೊಳಾಯಿ ಸೇರಿತೆಂದು ಅರ್ಥವಲ್ಲ. ಆ ವರ್ಷದ ಬೇಸಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಅಂಚಿನ ಬಡಾವಣೆಗಳ ದೊಡ್ಡ ದೊಡ್ಡ ಮಹಡಿಮನೆಗಳವರು ಟ್ಯಾಂಕರಿನ ದಾರಿ ಕಾಯುತ್ತ ಕುಳಿತುದು ಎಲ್ಲರಿಗೂ ನೆನಪಿದೆ. ಮನೆ ನೋಡುವ ಗೃಹಿಣಿಯು ಅಡುಗೆಮನೆಯ ನಲ್ಲಿಯ ಬಾಯನ್ನೂ ಬಚ್ಚಲಿನ ಹೆಂಚುಗಳನ್ನೂ ಮುಟ್ಟಿ ನೋಡಲಿ. ಬಿಳಿಯ ಸುಣ್ಣದಂಥ ಹೊರಪು ಕಟ್ಟಿದ್ದರೆ ಅದು ಗಡಸು ನೀರು. ಬೇಳೆ ಬೇಯುವುದು ತಡ, ನೀರು ಕಾಯಿಸುವ ಗೀಸರಿನ ಆಯುಷ್ಯವೂ ಕಡಿಮೆ. ಕಾವೇರಿ ನೀರು ವಾರಕ್ಕೆ ಎಷ್ಟು ದಿನ, ಯಾವ ಹೊತ್ತಿಗೆ ಬರುವುದು. ಸಂಪಿನಲ್ಲಿ ಎಷ್ಟು ಹಿಡಿಯುವುದು. ಆ ಸಂಪಿಗೆ ಪಾಲುದಾರರು ಎಷ್ಟು ಮನೆಯವರು. ಪಂಪಿನ ಗುಂಡಿ ಯಾರ ಕೈಯಲ್ಲಿದೆ? ಈ ಕಡೆಯ ಪ್ರಶ್ನೆಯಿಂದ ಒಡೆದುಹೋದ ಸ್ನೇಹಗಳನ್ನು ನಾವು ಕಂಡಿದ್ದೇವೆ.

ನೀರಿಲ್ಲದ ಕಷ್ಟದ ಜೊತೆಗೆ ನೀರು ನುಗ್ಗುವ ಕಷ್ಟವೂ ಈ ನಗರಕ್ಕೇ ವಿಶೇಷ. ಧರ್ಮಾಂಬುಧಿ ಕೆರೆಯಿದ್ದ ಕಡೆ ಇಂದು ಕೆಂಪೇಗೌಡ ಬಸ್ ನಿಲ್ದಾಣವಿದೆ. ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣವಿದೆ. ಕೆರೆ ಹೋದರೂ ಮಳೆಯ ನೀರಿಗೆ ತನ್ನ ಹಳೆಯ ದಾರಿ ಮರೆತಿಲ್ಲ. ೨೦೨೨ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರಿನ ಸುತ್ತಿನ ಶ್ರೀಮಂತರ ಬಂಗಲೆಗಳಿಂದ ಜನರನ್ನು ದೋಣಿಗಳಲ್ಲಿ ಸಾಗಿಸಬೇಕಾಯಿತು. ಮನೆಯ ಸುತ್ತಲಿನ ಕಾಂಪೌಂಡು ಗೋಡೆಯಲ್ಲಿ ನೆಲದಿಂದ ಒಂದೇ ಎತ್ತರಕ್ಕೆ ಉದ್ದಕ್ಕೂ ಕರೆಗೆರೆ ಕಂಡರೆ ಮಾತಿಲ್ಲದೆ ಮುಂದಕ್ಕೆ ನಡೆಯುವುದು ಮೇಲು.

ಶಾಲೆಯ ವಿಷಯದಲ್ಲಿ ಮೂವತ್ತು ವರ್ಷ ಆ ಕೆಲಸದಲ್ಲಿದ್ದವರಾಗಿ ಹೇಳುತ್ತೇವೆ: ಶಾಲೆಗೆ ಸ್ಥಳ ಸಿಕ್ಕುವುದು ಖಚಿತವಾಗುವವರೆಗೆ ಮುಂಗಡ ಕೊಡಕೂಡದು. ಆರು ವರ್ಷದ ಮಗುವು ದಿನಕ್ಕೆ ಎರಡು ಗಂಟೆ ವ್ಯಾನಿನಲ್ಲಿ ತೂಕಡಿಸುವುದಾದರೆ ಎಷ್ಟು ದೊಡ್ಡ ಶಾಲೆಯಾದರೇನು? ಹಳೆಯ ಊರಿನಿಂದ ವರ್ಗಾವಣೆ ಪತ್ರ ಬರುವುದು ತಡವಾಯಿತೆಂದು ತಂದೆತಾಯಿಗಳು ಗಾಬರಿಯಾಗಬೇಕಾಗಿಲ್ಲ. ಎಂಟನೆಯ ತರಗತಿಯವರೆಗೆ ಆ ಕಾರಣದಿಂದ ಪ್ರವೇಶವನ್ನು ತಡೆಯಬಾರದೆಂದು ೨೦೦೯ರ ಶಿಕ್ಷಣ ಹಕ್ಕು ಕಾಯಿದೆಯೇ ಹೇಳುತ್ತದೆ.

ಕಡೆಗೆ ಹಣದ ಮಾತು. ಬೆಂಗಳೂರಿನ ಹಳೆಯ ರೂಢಿಯಂತೆ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವವರು ಇನ್ನೂ ಉಂಟು. ಎರಡು ತಿಂಗಳಿಗಿಂತ ಹೆಚ್ಚಾಗಬಾರದೆಂದು ಕೇಂದ್ರದ ೨೦೨೧ರ ಮಾದರಿ ಬಾಡಿಗೆ ಕಾಯಿದೆಯಲ್ಲಿ ಬರೆದಿದೆ. ಅದಾದರೂ ಮಾದರಿಯೇ ಹೊರತು ರಾಜ್ಯವು ತನ್ನದಾಗಿ ಮಾಡಿಕೊಳ್ಳುವವರೆಗೆ ಯಾರನ್ನೂ ಕಟ್ಟುವುದಿಲ್ಲ. ೨೫,೦೦೦ ರೂಪಾಯಿ ಬಾಡಿಗೆಯ ಮನೆಯೆಂದುಕೊಳ್ಳೋಣ. ಮುಂಗಡ ೨,೫೦,೦೦೦. ನೂರಕ್ಕೆ ಆರರ ಬಡ್ಡಿಯಂತೆ ಕೈಬಿಟ್ಟುದು ತಿಂಗಳಿಗೆ ೧,೨೫೦. ಬರುವಾಗ ದಲ್ಲಾಳಿಗೆ ಒಂದು ತಿಂಗಳ ಬಾಡಿಗೆ, ಬಿಡುವಾಗ ಬಣ್ಣದ ಬಾಬ್ತು ಇನ್ನೊಂದು ತಿಂಗಳದು. ಎರಡು ವರ್ಷ ನಿಂತರೆ ನಿಜವಾದ ಬಾಡಿಗೆ ತಿಂಗಳಿಗೆ ಸುಮಾರು ೨೮,೩೦೦. ಬಡಾವಣೆ ಒಗ್ಗದೆ ಒಂದೇ ವರ್ಷಕ್ಕೆ ಬಿಟ್ಟರೆ ಸುಮಾರು ೩೦,೪೦೦. ಲಾರಿಯ ಖರ್ಚೂ ಮಕ್ಕಳ ಶಾಲೆಯ ಹೊಸ ಶುಲ್ಕವೂ ಇದರ ಹೊರಗೆ. ಎರಡು ಸಾವಿರ ಹೆಚ್ಚು ಕೇಳಿದ ಒಳ್ಳೆಯ ಬೀದಿಯನ್ನು ದುಬಾರಿಯೆಂದು ಬಿಟ್ಟು ಬಂದವರು ಈ ಲೆಕ್ಕವನ್ನೊಮ್ಮೆ ಹಾಕಿ ನೋಡಲಿ.

ಒಂದು ವರ್ಷಕ್ಕೆ ಮೀರಿದ ಗೇಣಿಪತ್ರವನ್ನು ನೋಂದಾಯಿಸಲೇಬೇಕೆಂದು ೧೯೦೮ರ ಕಾಯಿದೆಯಿರುವುದರಿಂದಲೇ ಎಲ್ಲರೂ ಹನ್ನೊಂದು ತಿಂಗಳ ಕರಾರನ್ನು ಬರೆಯುತ್ತಾರೆ. ಬರೆಯಲಿ, ಆದರೆ ಬಣ್ಣಕ್ಕೆ ಎಷ್ಟು ಮುರಿದುಕೊಳ್ಳುವರು, ಮುಂಗಡವನ್ನು ಬಿಟ್ಟ ದಿನವೇ ಹಿಂದಿರುಗಿಸುವರೇ, ಬಾಡಿಗೆ ವರ್ಷಕ್ಕೆ ಎಷ್ಟು ಏರುವುದು ಎಂಬುದೆಲ್ಲ ಬಾಯಿಮಾತಿನಲ್ಲಿ ನಿಲ್ಲದೆ ಪತ್ರದಲ್ಲಿರಬೇಕು.

ಅಳಿಯನು ಕಡೆಗೆ ಜಯನಗರದ ಏಳನೆಯ ಬ್ಲಾಕಿನ ಕಡೆ ಕೆಳಗಿನ ಅಂತಸ್ತಿನ ಮನೆಯೊಂದನ್ನು ಹಿಡಿದನು. ಏಳನೆಯ ಅಂತಸ್ತಿನದಕ್ಕಿಂತ ಒಂದು ಕೊಠಡಿ ಕಡಿಮೆ, ಬಾಡಿಗೆ ಹೆಚ್ಚು. ದೊಡ್ಡ ಬೀರುವು ಬಾಗಿಲಲ್ಲಿ ಹಿಡಿಸದೆ ಸಾಗರಕ್ಕೇ ಹಿಂದಿರುಗಿತು. ಅದರ ಬಗೆಗೆ ಅವನ ಹೆಂಡತಿಯ ಅಸಮಾಧಾನ ಇನ್ನೂ ತೀರಿಲ್ಲ. ಮನೆ ನೋಡಿದ ದಿನ ನಾವು ಒಳಗೆ ನಲ್ಲಿಗಳನ್ನು ತಿರುಗಿಸುತ್ತಿರುವಾಗ ಅಕ್ಕ ಹೊರಗಿನ ಜಗುಲಿಯಲ್ಲಿ ಕುಳಿತಿದ್ದಳು. ನಾವು ಹೊರಬರುವಷ್ಟರಲ್ಲಿ ಎದುರುಮನೆಯಾಕೆಯ ತವರು ತೀರ್ಥಹಳ್ಳಿಯೆಂಬುದನ್ನೂ, ಕಾವೇರಿ ನೀರು ದಿನ ಬಿಟ್ಟು ದಿನ ಬರುವುದೆಂಬುದನ್ನೂ, ಈ ಮನೆಯಲ್ಲಿ ಹಿಂದಿದ್ದವರು ಆರು ವರ್ಷ ಇದ್ದು ಸ್ವಂತ ಮನೆ ಕಟ್ಟಿಸಿಕೊಂಡು ಹೋದರೆಂಬುದನ್ನೂ ತಿಳಿದುಕೊಂಡಿದ್ದಳು.