ವಿಮಾನದ ಚಿತ್ರಕ್ಕೊಂದು ಮಾರ್ಗ

ಶೈಲಿಯೆಂಬ ಮಾತನ್ನು ನಾವು ಸಾಮಾನ್ಯವಾಗಿ ಬರಹಗಾರರಿಗೆ ಮೀಸಲಾಗಿಟ್ಟಿದ್ದೇವೆ. ಹಾಡುಗಾರನಿಗೆ ಬಾನಿಯಿದೆ, ಶಿಲ್ಪಿಗೆ ಸಂಪ್ರದಾಯವಿದೆ, ಚಿತ್ರಕಾರನಿಗೆ ಕುಂಚದ ವರಸೆಯಿದೆ ಎಂದು ಒಪ್ಪುವವರೂ ಛಾಯಾಗ್ರಾಹಕನ ವಿಷಯ ಬಂದೊಡನೆ ಹಿಂಜರಿಯುತ್ತಾರೆ. ಗುಂಡಿಯೊತ್ತಿದರೆ ಯಂತ್ರವೇ ಚಿತ್ರವನ್ನು ಬರೆದುಕೊಡುವಾಗ ಒತ್ತಿದವನ ಪಾಲೇನು ಎಂಬುದು ಅವರ ಪ್ರಶ್ನೆ. ಅದರಲ್ಲಿಯೂ ವಿಮಾನದ ಚಿತ್ರವಾದರೆ ಸಂದೇಹ ಇಮ್ಮಡಿಸುತ್ತದೆ. ಒಂದು ಯಂತ್ರ ಇನ್ನೊಂದು ಯಂತ್ರವನ್ನು ನೋಡುತ್ತದೆ. ನಡುವೆ ಮನುಷ್ಯನಿಗೆ ಸ್ಥಳವೆಲ್ಲಿ? ಬೆಂಗಳೂರಿನ ಪೂರ್ವಭಾಗದ ಆಕಾಶವನ್ನು ಹಲವು ವರ್ಷ ಕ್ಯಾಮೆರಾ ಹಿಡಿದು ನೋಡಿದ ನನಗೆ ಈ ಪ್ರಶ್ನೆ ತಳ್ಳಿಹಾಕುವಂಥದೆಂದು ತೋರಿಲ್ಲ. ಇದಕ್ಕೆ ತನ್ನದಾದ ಉತ್ತರವನ್ನು ಹುಡುಕಿಕೊಳ್ಳದವನು ಈ ಹವ್ಯಾಸದಲ್ಲಿ ಬಹುಕಾಲ ನಿಲ್ಲಲಾರ.

ನಮ್ಮ ಹಿಂದಿನವರು ಶೈಲಿಗೆ ಇಟ್ಟ ಹೆಸರು ‘ಮಾರ್ಗ’. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ದಕ್ಷಿಣಮಾರ್ಗ, ಉತ್ತರಮಾರ್ಗ ಎಂದು ಕಾವ್ಯರೀತಿಗಳನ್ನು ವಿಂಗಡಿಸಿ ಹೇಳುತ್ತದೆ. ಹೆಸರು ಬಹು ಸೊಗಸಾದದ್ದು. ಮಾರ್ಗವೆಂದರೆ ದಾರಿಯಷ್ಟೆ, ದಾರಿಯೆಂಬುದು ನಡೆದು ಆಗುವಂಥದು. ಅದನ್ನು ಲೆನ್ಸಿನಂತೆ ಅಂಗಡಿಯಲ್ಲಿ ಕೊಳ್ಳಲಾಗದು.

ವಿಮಾನಗಳ ಚಿತ್ರ ತೆಗೆಯುವವನಿಗೆ ನಮ್ಮ ಊರಿನ ಪೂರ್ವದಿಕ್ಕು ಒಂದು ಪಾಠಶಾಲೆ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ ಇಲ್ಲಿ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕ್ಯಾಟಲೀನಾ ಎಂಬ ನೀರ್ವಿಮಾನಗಳು ದುರಸ್ತಿಗಾಗಿ ಬೆಳ್ಳಂದೂರು ಕೆರೆಯ ಮೇಲೆ ಬಂದು ಇಳಿಯುತ್ತಿದ್ದುವು. 1951ರ ಆಗಸ್ಟಿನಲ್ಲಿ ಡಾ. ವಿ. ಎಂ. ಘಾಟ್ಗೆಯವರ ನೇತೃತ್ವದಲ್ಲಿ ರೂಪುಗೊಂಡ ಎಚ್.ಟಿ.-2 ಎಂಬ ಪುಟ್ಟ ತರಬೇತಿ ವಿಮಾನ ಮೇಲೇರಿತು. 1961ರ ಜೂನ್ 17ರಂದು ಜರ್ಮನಿಯ ಕುರ್ಟ್ ಟ್ಯಾಂಕ್ ಅವರ ವಿನ್ಯಾಸದ ಮರುತ್, 2001ರ ಜನವರಿ 4ರಂದು ಮುಂದೆ ತೇಜಸ್ ಎಂದು ಹೆಸರಾದ ಯುದ್ಧವಿಮಾನ, ಇದೇ ಊರಿನ ಗಾಳಿಯಲ್ಲಿ ಮೊದಲ ಸಲ ರೆಕ್ಕೆ ಬಿಚ್ಚಿದುವು. ಕಾರ್ಖಾನೆಯ ಸುತ್ತಲ ಬಡಾವಣೆಗೆ ವಿಮಾನಪುರವೆಂದೇ ಹೆಸರು. ಹಲಸೂರು, ದೊಮ್ಮಲೂರು, ಇಂದಿರಾನಗರ, ಮಾರತಹಳ್ಳಿಯ ಮಕ್ಕಳು ಅಕ್ಷರ ಕಲಿಯುವುದಕ್ಕೆ ಮುಂಚೆಯೇ ವಿಮಾನದ ಸದ್ದನ್ನು ಕಲಿತವರು.

ಕಲಿಯುವವನು ಮೊದಲು ಅನುಕರಿಸುತ್ತಾನೆ. ಇದು ಸಹಜ, ಅವಶ್ಯಕ ಕೂಡ. ಇಂಗ್ಲೆಂಡಿನ ಚಾರ್ಲ್ಸ್ ಬ್ರೌನ್ ಎಂಬಾತ ತಾನೂ ಇನ್ನೊಂದು ವಿಮಾನದಲ್ಲಿ ಕುಳಿತು, ಮೋಡಗಳ ರಾಶಿಯನ್ನು ಹಿನ್ನೆಲೆಯಾಗಿಸಿಕೊಂಡು ಸ್ಪಿಟ್‌ಫೈರ್ ಮೊದಲಾದ ವಿಮಾನಗಳ ಚಿತ್ರಗಳನ್ನು ತೆಗೆದ. ಅವನ್ನು ನೋಡಿ ಬೆಳೆದವರೆಲ್ಲರಂತೆ ನಾನೂ ವಿಮಾನವೆಂದರೆ ಚೌಕಟ್ಟಿನ ತುಂಬ ಇರಬೇಕು, ಮೊಳೆ ಮೊಳೆಯೂ ಎಣಿಸುವಂತಿರಬೇಕು ಎಂದು ಭಾವಿಸಿದ್ದೆ. ಯಲಹಂಕದಲ್ಲಿ 1996ರಿಂದ ನಡೆದುಬಂದಿರುವ ವೈಮಾನಿಕ ಪ್ರದರ್ಶನದಲ್ಲಿ ಅಂಥ ಚಿತ್ರಗಳನ್ನು ಸಾಕಷ್ಟು ತೆಗೆದೆ. ಅವನ್ನೊಮ್ಮೆ ವಿಮಾನಪುರದ ಹಿರಿಯರೊಬ್ಬರಿಗೆ ತೋರಿಸಿದೆ. ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ದುಡಿದು ನಿವೃತ್ತರಾದವರು. ಒಂದೊಂದನ್ನೂ ಕಣ್ಣಿಗೆ ಹತ್ತಿರ ಹಿಡಿದು ನೋಡಿದರು. ಕೊನೆಗೆ, “ಚೆನ್ನಾಗಿದೆ ಸ್ವಾಮಿ, ಇದು ವಿಮಾನವೇ ಸರಿ. ಆದರೆ ಇದು ಹಾರುತ್ತಾ ಇದೆಯೋ, ನೇತುಹಾಕಿದ್ದಾರೋ?” ಎಂದರು.

ಅವರ ಬೆರಳು ಇದ್ದದ್ದು ಒಂದು ಹೆಲಿಕಾಪ್ಟರಿನ ಚಿತ್ರದ ಮೇಲೆ. ಆ ಮಾತಿನ ಅರ್ಥ ತಿಳಿಯಲು ಸ್ವಲ್ಪ ಲೆಕ್ಕ ಹಾಕಬೇಕು. ಹೆಲಿಕಾಪ್ಟರಿನ ತಲೆಯ ಮೇಲಿನ ರೆಕ್ಕೆಗಳು ನಿಮಿಷಕ್ಕೆ 300 ಸುತ್ತು ತಿರುಗುತ್ತವೆಂದುಕೊಳ್ಳೋಣ. ಸೆಕೆಂಡಿಗೆ 5 ಸುತ್ತು ಆಯಿತು. ಕ್ಯಾಮೆರಾದ ಷಟರು ಸೆಕೆಂಡಿನ ಸಾವಿರದ ಒಂದು ಭಾಗ ಮಾತ್ರ ತೆರೆದಿದ್ದರೆ ಆ ಅವಧಿಯಲ್ಲಿ ರೆಕ್ಕೆ ಚಲಿಸುವುದು ಎರಡು ಡಿಗ್ರಿಗೂ ಕಡಿಮೆ. ಚಿತ್ರದಲ್ಲಿ ಅದು ನಿಂತೇ ಹೋಗುತ್ತದೆ. ಅರವತ್ತರ ಒಂದು ಭಾಗ ತೆರೆದಿಟ್ಟರೆ ಮೂವತ್ತು ಡಿಗ್ರಿ ಚಲಿಸುತ್ತದೆ. ನಾಲ್ಕು ರೆಕ್ಕೆಗಳ ನಡುವಣ ಅಂತರದಲ್ಲಿ ಮೂರನೆಯ ಒಂದು ಪಾಲು ಮಬ್ಬಿನಿಂದ ತುಂಬುತ್ತದೆ. ಕಣ್ಣಿಗೆ ತಿರುಗುವಿಕೆ ಕಾಣುತ್ತದೆ. ಆದರೆ ಅಷ್ಟು ಹೊತ್ತು ಷಟರನ್ನು ತೆರೆದಿಟ್ಟಾಗ ಯಂತ್ರದ ಮೈಯೂ ಅಲುಗಿ ಮಸಕಾಗದಿರಬೇಕಾದರೆ, ಛಾಯಾಗ್ರಾಹಕ ಅದರ ವೇಗಕ್ಕೆ ಸರಿಯಾಗಿ ತನ್ನ ಸೊಂಟವನ್ನು ತಿರುಗಿಸುತ್ತ ಹೋಗಬೇಕು. ಸಾವಿರದ ಒಂದು ಭಾಗ ಸುರಕ್ಷಿತ. ಅರವತ್ತರ ಒಂದು ಭಾಗ ಸಾಹಸ. ಎರಡರಲ್ಲಿ ಯಾವುದು ಬೇಕೆಂಬುದನ್ನು ಯಂತ್ರ ನಿರ್ಧರಿಸುವುದಿಲ್ಲ. ಮನುಷ್ಯನಿಗೆ ಸ್ಥಳವೆಲ್ಲಿ ಎಂದು ಕೇಳಿದವರಿಗೆ ಉತ್ತರದ ಮೊದಲ ತುಣುಕು ಇಲ್ಲಿದೆ.

ಸೊಂಟ ತಿರುಗಿಸುವ ವಿದ್ಯೆಯನ್ನು ನಾನು ಕಲಿತದ್ದು ಶಿವಾಜಿನಗರದಲ್ಲಿ. ರಸೆಲ್ ಮಾರುಕಟ್ಟೆಯ ಸುತ್ತಿನ ಮಾಂಸದಂಗಡಿಗಳ ಮೇಲೆ ಹದ್ದುಗಳು ಸದಾ ಗಿರಕಿ ಹೊಡೆಯುತ್ತಿರುತ್ತವೆ. ಅವುಗಳಿಗೆ ವೇಳಾಪಟ್ಟಿಯಿಲ್ಲ, ಅನುಮತಿ ಪತ್ರ ಬೇಕಿಲ್ಲ. ಹದ್ದು ಯಾವ ಕ್ಷಣದಲ್ಲಿ ಬಾಲವನ್ನು ವಾಲಿಸಿ ತಿರುಗೀತೆಂದು ಊಹಿಸಬಲ್ಲವನಿಗೆ ವಿಮಾನ ಕಷ್ಟವಲ್ಲ. ದಿನಗಟ್ಟಲೆ ಹದ್ದುಗಳ ಹಿಂದೆ ತಿರುಗಿದ ಮೇಲೆ ನನಗೊಂದು ಅಭ್ಯಾಸವೇ ಆಗಿಹೋಯಿತು. ಪಕ್ಷಿಯ ಮುಂದೆ ಅದು ಹೋಗಬೇಕಾದಷ್ಟು ಆಕಾಶವನ್ನು ಬಿಟ್ಟು ಚೌಕಟ್ಟು ಕಟ್ಟುವುದು. ಈಗಲೂ ನನ್ನ ಚಿತ್ರಗಳಲ್ಲಿ ವಿಮಾನಕ್ಕಿಂತ ಅದರ ಮುಂದಿನ ಬಯಲೇ ಹೆಚ್ಚು.

ಇನ್ನು ಬೆಳಕು. ನಮ್ಮ ಹಳೆಯ ವಿಮಾನ ನಿಲ್ದಾಣದ ಓಡುದಾರಿ ಪೂರ್ವಪಶ್ಚಿಮವಾಗಿ ಮಲಗಿದೆ. ಬೆಂಗಳೂರು ಇರುವುದು ಹದಿಮೂರನೆಯ ಅಕ್ಷಾಂಶದ ಹತ್ತಿರ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮೂರನೆಯ ವಾರದವರೆಗೆ ನಡುಹಗಲಿನ ಸೂರ್ಯ ನೆತ್ತಿಯಿಂದ ಸ್ವಲ್ಪ ಉತ್ತರಕ್ಕಿದ್ದರೆ, ವರ್ಷದ ಉಳಿದ ಭಾಗದಲ್ಲೆಲ್ಲ ಅವನು ದಕ್ಷಿಣಕ್ಕಿರುತ್ತಾನೆ. ಯಮಲೂರಿನ ಕಡೆ ನಿಂತವನಿಗೆ ಸೂರ್ಯ ಬೆನ್ನ ಹಿಂದೆ. ವಿಮಾನದ ಬಣ್ಣ, ಗುರುತು, ಸಂಖ್ಯೆ ಎಲ್ಲವೂ ನಿಚ್ಚಳ. ಉತ್ತರದ ಬಡಾವಣೆಗಳಲ್ಲಿ ನಿಂತವನಿಗೆ ಸೂರ್ಯ ಎದುರು. ವಿಮಾನ ಒಂದು ಕಪ್ಪು ಆಕೃತಿ ಮಾತ್ರ. ತಿಳಿದವರು ದಕ್ಷಿಣಕ್ಕೆ ಹೋಗುತ್ತಾರೆ. ನನ್ನ ವಾಸ ಉತ್ತರದಲ್ಲಿದ್ದುದರಿಂದ ನಾನು ಕಪ್ಪು ಆಕೃತಿಯೊಡನೆಯೇ ಸಂಸಾರ ಮಾಡಬೇಕಾಯಿತು. ಬಣ್ಣ ಹೋದ ಮೇಲೆ ಉಳಿಯುವುದು ರೇಖೆ. ವಿಭೂತಿಪುರದ ಕೆರೆಯ ದಂಡೆಯಲ್ಲಿ ಮೋಡ ಕವಿದ ಸಂಜೆಗಳಲ್ಲಿ ರೇಖೆಯನ್ನು ಓದಲು ಕಲಿತೆ.

ಇದರ ಜೊತೆಗೆ ನಿರ್ಬಂಧವೂ ಇತ್ತು. ಅದು ರಕ್ಷಣಾ ಇಲಾಖೆಯ ನೆಲೆ. ಗೋಡೆಯ ಮೇಲೆ ಛಾಯಾಚಿತ್ರ ನಿಷೇಧವೆಂಬ ಫಲಕಗಳಿವೆ. ಅವನ್ನು ನಾನು ಗೌರವಿಸಿದ್ದೇನೆ. ಯಂತ್ರವನ್ನು ಹತ್ತಿರದಿಂದ ಕಾಣಲು 2001ರಲ್ಲಿ ತೆರೆದ ಎಚ್.ಎ.ಎಲ್. ವಸ್ತುಸಂಗ್ರಹಾಲಯವಿದೆ, ಯಲಹಂಕದ ಪ್ರದರ್ಶನವಿದೆ. ಮಿಕ್ಕ ದಿನಗಳಲ್ಲಿ ನನಗೆ ದಕ್ಕುವುದು ಊರಿನ ಮಾಳಿಗೆಗಳ ಮೇಲಿನ ದೂರದ ಆಕಾಶ. ಷಟ್ಪದಿಯ ಮಾತ್ರಾಗಣಗಳು ಕವಿಯ ಕೈಕಟ್ಟಿದಂತೆ ಕಂಡರೂ ಆ ಕಟ್ಟಿನೊಳಗೇ ಕುಮಾರವ್ಯಾಸನ ಓಟ ಹುಟ್ಟಿತಲ್ಲವೆ? ಹತ್ತಿರ ಹೋಗುವಂತಿಲ್ಲ ಎಂಬ ಕಟ್ಟಳೆ ನನಗೆ ಅಂಥದೊಂದು ಛಂದಸ್ಸಾಯಿತು. ವಿಮಾನ ಚಿಕ್ಕದಾಗಿಯೇ ಇರುವುದಾದರೆ ಉಳಿದ ಚೌಕಟ್ಟಿನಲ್ಲಿ ಏನಿರಬೇಕು ಎಂದು ಯೋಚಿಸತೊಡಗಿದೆ.

ಮೊದಲು ಹೊಳೆದದ್ದು ಪದಚಮತ್ಕಾರ. ಗರ್ಭಗುಡಿಯ ಮೇಲಿನ ಶಿಖರಕ್ಕೂ ನಮ್ಮ ಶಿಲ್ಪಶಾಸ್ತ್ರದಲ್ಲಿ ವಿಮಾನವೆಂದೇ ಹೆಸರು. ಹಲಸೂರಿನ ಸೋಮೇಶ್ವರ, ದೊಮ್ಮಲೂರಿನ ಚೊಕ್ಕನಾಥ ದೇವಾಲಯಗಳ ಬಳಿ ನಿಂತು ಕಲ್ಲಿನ ವಿಮಾನವನ್ನೂ ಲೋಹದ ವಿಮಾನವನ್ನೂ ಒಂದೇ ಚಿತ್ರದಲ್ಲಿ ಸೇರಿಸಬಹುದು. ನೋಡಿದವರು ಮೆಚ್ಚಿ ನಗುತ್ತಾರೆ. ಆದರೆ ಶ್ಲೇಷೆಯೊಂದೇ ಕಾವ್ಯವಾಗದಂತೆ ಇದೂ ಮಾರ್ಗವಾಗಲಾರದೆಂದು ಬೇಗನೆ ಮನವರಿಕೆಯಾಯಿತು.

ಮಾರ್ಗ ಕಂಡದ್ದು 2006ರ ಬೇಸಗೆಯಲ್ಲಿ, ಕೋಡಿಹಳ್ಳಿಯ ಒಂದು ಮಾಳಿಗೆಯ ಮೇಲೆ. ಆ ಮನೆಯಾಕೆ ಸಂಡಿಗೆ ಇಡುತ್ತಿದ್ದರು. ಪಶ್ಚಿಮದಿಂದ ಒಂದು ಪ್ರಯಾಣಿಕ ವಿಮಾನ ಇಳಿಯಲು ಬಂದಿತು. ಆಕೆ ಹಿಟ್ಟಿನ ಕೈಯನ್ನು ಹಾಗೆಯೇ ಎತ್ತಿಹಿಡಿದು, ಅದು ಮರೆಯಾಗುವವರೆಗೆ, ಮರೆಯಾದ ಮೇಲೂ ಕ್ಷಣಕಾಲ, ಕಿವಿಗೊಟ್ಟು ನಿಂತರು. ನಾನು ಕಾರಣ ಕೇಳಿದೆ. “ಆವತ್ತು ಬಿತ್ತಲ್ಲಪ್ಪ, ಅವತ್ತಿನಿಂದ ಹೀಗೆ. ಇಳಿಯಿತು ಅಂತ ಕಿವಿಗೆ ಗೊತ್ತಾಗೋವರೆಗೂ ಕೈ ಕೆಲಸಕ್ಕೆ ಹೋಗೋದಿಲ್ಲ” ಎಂದರು.

ಆವತ್ತು ಎಂದರೆ 1990ರ ಫೆಬ್ರವರಿ 14. ಮುಂಬಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸಿನ ಏರ್‌ಬಸ್ ವಿಮಾನ ಓಡುದಾರಿಯನ್ನು ತಲುಪುವ ಮುಂಚೆಯೇ ಗಾಲ್ಫ್ ಮೈದಾನದಲ್ಲಿ ನೆಲಕ್ಕೆ ತಾಗಿ ಉರಿದುಹೋಯಿತು. ಅದರಲ್ಲಿದ್ದ 146 ಮಂದಿಯಲ್ಲಿ 92 ಮಂದಿ ತೀರಿಕೊಂಡರು. ಹಾರಾಟಕ್ಕೆ ಈ ಊರು ತೆತ್ತ ಬೆಲೆ ಅದೊಂದೇ ಅಲ್ಲ. ಮರುತ್ ವಿಮಾನವನ್ನು ಮೊದಲು ಹಾರಿಸಿದ ಸುರಂಜನ್ ದಾಸರು 1970ರ ಜನವರಿ 10ರಂದು ಅದೇ ಜಾತಿಯ ವಿಮಾನದ ಪರೀಕ್ಷೆಯಲ್ಲಿ ಮಡಿದರು. ಹಳೆಯ ಮದರಾಸು ರಸ್ತೆಯನ್ನೂ ವಿಮಾನ ನಿಲ್ದಾಣದ ರಸ್ತೆಯನ್ನೂ ಕೂಡಿಸುವ ಹಾದಿಗೆ ಅವರ ಹೆಸರಿದೆ. ನಿತ್ಯ ಅಲ್ಲಿ ಓಡಾಡುವವರಲ್ಲಿ ಆ ಹೆಸರಿನ ಹಿಂದಿನ ಕತೆಯನ್ನು ಬಲ್ಲವರು ಎಷ್ಟು ಜನ?

ಸಂಡಿಗೆಯ ಹಿಟ್ಟು ಮೆತ್ತಿದ ಕೈ, ಮೇಲೆತ್ತಿದ ಮುಖ, ಮೂಲೆಯಲ್ಲಿ ಬೆರಳುದ್ದದ ವಿಮಾನ: ಆಕೆಯ ಒಪ್ಪಿಗೆ ಪಡೆದು ಮುಂದಿನ ವಿಮಾನಕ್ಕೆ ಕಾದು ತೆಗೆದ ಆ ಚಿತ್ರದಲ್ಲಿ ಯಂತ್ರದ ಜಾತಿಯನ್ನು ಗುರುತಿಸಲೂ ಆಗದು. ಆದರೆ ಹಾರಾಟವಿದೆ, ಹಾರಾಟದೊಡನೆ ಭಯವೂ ಹಾರೈಕೆಯೂ ಇವೆ. ಹೊಸದೇನನ್ನೂ ನಾನು ಕಂಡುಹಿಡಿಯಲಿಲ್ಲ. ಫ್ರಾನ್ಸಿನ ಲಾರ್ತಿಗ್ ಹದಿಹರೆಯದಲ್ಲಿಯೇ, 1910ರ ಸುಮಾರಿಗೆ, ತನ್ನ ಅಣ್ಣ ಮನೆಯಲ್ಲೇ ಕಟ್ಟಿದ ಗ್ಲೈಡರಿನ ಚಿತ್ರವನ್ನು ಅದರ ಸುತ್ತ ನಿಂತ ಮನೆಮಂದಿಯೊಡನೆ ತೆಗೆದಿದ್ದ. ನಮ್ಮ ಮೈಸೂರಿನ ಟಿ. ಎಸ್. ಸತ್ಯನ್ನರು ದೊಡ್ಡ ಸಂಗತಿಗಳಿಗಿಂತ ಸಾಮಾನ್ಯರ ಮುಖಗಳನ್ನೇ ಒಂದು ಜೀವಮಾನವಿಡೀ ಅರಸಿದರು. ಆದರೂ ಅವರ ಚಿತ್ರಗಳನ್ನು ಮೆಚ್ಚುವುದು ಬೇರೆ, ಆ ದಾರಿ ನನ್ನ ಕಾಲಿಗೂ ಹೊಂದುತ್ತದೆಂದು ಅರಿಯುವುದು ಬೇರೆ. ಆ ಅರಿವು ಕೊಟ್ಟದ್ದು ಮಾಳಿಗೆಯ ಮೇಲಿನ ಆ ತಾಯಿ.

2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ನಿಲ್ದಾಣ ತೆರೆದು ಪ್ರಯಾಣಿಕ ವಿಮಾನಗಳು ಉತ್ತರಕ್ಕೆ ಹೋದುವು. ಹಲವು ಗೆಳೆಯರು ಕ್ಯಾಮೆರಾದೊಡನೆ ಅತ್ತ ನಡೆದರು. ನಾನು ಇಲ್ಲಿಯೇ ಉಳಿದೆ. ಆಕಾಶ ಮೊದಲಿನಷ್ಟು ತುಂಬಿಲ್ಲ. ಪರೀಕ್ಷಾ ವಿಮಾನಗಳು, ಹೆಲಿಕಾಪ್ಟರುಗಳು, ವಾಯುಪಡೆಯ ಸಾಗಣೆ ವಿಮಾನಗಳು ಆಗಾಗ ಬರುತ್ತವೆ. 2024ರ ಮಾರ್ಚ್ 28ರಂದು ತೇಜಸ್ಸಿನ ಸುಧಾರಿತ ಮಾದರಿ ಇಲ್ಲಿಂದಲೇ ಮೊದಲ ಸಲ ಹಾರಿತು. ಕಾಯುವ ಹೊತ್ತು ಹೆಚ್ಚಿದಷ್ಟೂ ಕೆಳಗಿನ ಊರನ್ನು ನೋಡುವ ಹೊತ್ತೂ ಹೆಚ್ಚಿತು.

ಈ ಕಲೆಗೆ ಕೈಹಾಕುವ ವಿದ್ಯಾರ್ಥಿಗಳು ಯಾವ ಲೆನ್ಸ್ ಕೊಳ್ಳಬೇಕೆಂದು ನನ್ನನ್ನು ಕೇಳುವುದುಂಟು. ಇರುವುದೇ ಸಾಕೆನ್ನುತ್ತೇನೆ. ಊರಿನ ಒಂದು ಮೂಲೆಯನ್ನು ಆರಿಸಿಕೊಂಡು ಒಂದು ವರ್ಷ ಅಲ್ಲಿಯೇ ನಿಲ್ಲಿರಿ. ಯಾವ ತಿಂಗಳು ಬೆಳಕು ಎಲ್ಲಿಂದ ಬೀಳುತ್ತದೆ, ಸದ್ದು ಕೇಳಿದೊಡನೆ ಯಾರು ತಲೆಯೆತ್ತುತ್ತಾರೆ, ಯಾರು ಎತ್ತುವುದಿಲ್ಲ ಎಂಬುದನ್ನು ಗಮನಿಸಿರಿ. ವರ್ಷದ ಕೊನೆಗೆ ನಿಮ್ಮ ಚಿತ್ರಗಳನ್ನೆಲ್ಲ ನೆಲದ ಮೇಲೆ ಹರಡಿ, ಬೇರೆಯವರೂ ತೆಗೆಯಬಹುದಾಗಿದ್ದುವನ್ನು ಒಂದೊಂದಾಗಿ ತೆಗೆದಿಡಿರಿ. ನಾಲ್ಕೋ ಐದೋ ಉಳಿದಾವು. ಅವು ಮೊದಲ ನೋಟಕ್ಕೆ ಅಷ್ಟೇನೂ ಚೆಂದವಾಗಿ ಕಾಣದಿರಬಹುದು. ಆದರೂ ಅವನ್ನು ಜೋಪಾನ ಮಾಡಿರಿ. ಮುಂದಿನ ವರ್ಷ ಎಲ್ಲಿ ನಿಲ್ಲಬೇಕೆಂಬುದನ್ನು ಅವೇ ಹೇಳುತ್ತವೆ.