ನೀರಿನ ಆಳ, ಹಕ್ಕಿಯ ಕಾಲು

ಪಕ್ಷಿವೀಕ್ಷಣೆಗೆಂದು ಹೊರಟವರು ಸಾಮಾನ್ಯವಾಗಿ ದುರ್ಬೀನಿನೊಡನೆ ಚಿತ್ರಪುಸ್ತಕವೊಂದನ್ನೂ ಹಿಡಿದು, ಕಂಡ ಹಕ್ಕಿಯ ವರ್ಣವನ್ನು ಪುಟದಲ್ಲಿನ ವರ್ಣದೊಡನೆ ತಾಳೆನೋಡುವುದರಲ್ಲಿಯೇ ಬೆಳಗನ್ನು ಕಳೆದುಬಿಡುವುದುಂಟು; ಆದರೆ ಕೆರೆಯ ದಂಡೆಯಲ್ಲಿ ನಿಂತವನು ಮೊದಲು ಗಮನಿಸತಕ್ಕದ್ದು ಹಕ್ಕಿ ಎಷ್ಟು ನೀರಿನಲ್ಲಿ ನಿಂತಿದೆ ಎಂಬುದನ್ನು.

ಮೈಸೂರಿನ ಕುಕ್ಕರಹಳ್ಳಿ ಕೆರೆಯನ್ನೇ ತೆಗೆದುಕೊಳ್ಳೋಣ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ, ವ್ಯವಸಾಯಾರ್ಥವಾಗಿ ನಿರ್ಮಿತವಾಗಿ, ಈಗ ಮಾನಸಗಂಗೋತ್ರಿಯ ಮಗ್ಗುಲಲ್ಲಿ ವಾಯುವಿಹಾರಿಗಳ ಪಾಲಿಗೆ ಒದಗಿರುವ, ಕುವೆಂಪು ಅವರಿಗೆ ಪ್ರಿಯವಾಗಿದ್ದ ಕೆರೆಯಿದು. ಇಂಥ ಕೆರೆಯ ಅಂಚಿನ ಕೆಸರಿನಲ್ಲಿ, ಚಳಿಗಾಲವನ್ನು ಕಳೆಯಲು ಉತ್ತರದಿಂದ ಬಂದ ಗದ್ದೆಗೊರವ ಹಿಂಭಾಗವನ್ನು ಎಡೆಬಿಡದೆ ಕುಣಿಸುತ್ತ ಹುಳು ಹೆಕ್ಕುತ್ತದೆ. ಗೇಣುದ್ದದ ನೀರಿಗೆ ಬೆಳ್ಳಕ್ಕಿ ಇಳಿಯುತ್ತದೆ. ಅದಕ್ಕೂ ಆಚೆ ಬಣ್ಣದ ಕೊಕ್ಕರೆ.

ಈ ಕೊಕ್ಕರೆಯ ಬೇಟೆಯನ್ನು ಸಾವಧಾನವಾಗಿ ನೋಡಬೇಕು. ಅರೆತೆರೆದ ಕೊಕ್ಕನ್ನು ನೀರಿನಲ್ಲಿ ಅದ್ದಿ, ಅತ್ತಿತ್ತ ಬೀಸುತ್ತ, ಕಾಲಿನಿಂದ ತಳವನ್ನು ಕದಡುತ್ತ ನಡೆಯುವ ಈ ಪಕ್ಷಿಗೆ ಮೀನು ಕಣ್ಣಿಗೆ ಕಾಣಬೇಕೆಂಬ ನಿರ್ಬಂಧವಿಲ್ಲ. ಕೊಕ್ಕಿಗೆ ತಾಗಿದರೆ ಸಾಕು, ಕ್ಷಣಾರ್ಧದಲ್ಲಿ ಅದು ಮುಚ್ಚಿಕೊಳ್ಳುತ್ತದೆ. ಕಲಕು ನೀರು ಅದಕ್ಕೆ ಅಡ್ಡಿಯಲ್ಲ, ಆದರೆ ಕಾಲಿಗೆ ನೆಲ ಸಿಗದಷ್ಟು ಆಳವಾದರೆ ಅದು ಉಪವಾಸವೇ.

ಆಳದ ನೀರು ನೀರುಕಾಗೆಗೂ ಕೊರಳನ್ನಷ್ಟೇ ಮೇಲೆತ್ತಿ ಈಜುವ ಹಾವಕ್ಕಿಗೂ ಮೀಸಲು. ಅವುಗಳ ಗರಿ ನೀರನ್ನು ಹೀರುವುದರಿಂದ ಮುಳುಗುವುದು ಸುಲಭ. ಅದರ ಫಲವಾಗಿಯೇ, ಮೇಲೆ ಬಂದೊಡನೆ ರೆಕ್ಕೆಯನ್ನು ಹರಡಿ ಬಿಸಿಲಿಗೊಡ್ಡಿ ಕುಳಿತುಕೊಳ್ಳಬೇಕಾಗುತ್ತದೆ. ದೇವನಕ್ಕಿಯದಂತೂ ಬೇರೆಯೇ ವ್ಯವಹಾರ: ನೀಳವಾದ ಬೆರಳುಗಳಿಂದ ತೇಲುವ ಎಲೆಗಳ ಮೇಲೆಯೇ ಓಡಾಡುವ ಈ ಕುಲದಲ್ಲಿ ಹೆಣ್ಣು ಮೊಟ್ಟೆಯಿಟ್ಟು ಇನ್ನೊಂದು ಗಂಡನ್ನು ಅರಸಿ ಹೋಗುತ್ತದೆ, ಕಾವು ಕೊಟ್ಟು ಮರಿಗಳನ್ನು ಸಾಕುವ ಭಾರವೆಲ್ಲ ಗಂಡಿನದು.

ಹೀಗಿರುವಾಗ, ಅಭಿವೃದ್ಧಿಯ ಹೆಸರಿನಲ್ಲಿ ಕೆರೆಯನ್ನು ಅಂಚಿನಿಂದ ಅಂಚಿಗೆ ಒಂದೇ ಆಳಕ್ಕೆ ಅಗೆದು, ಸುತ್ತಲೂ ಕಡಿದಾಗಿ ಕಲ್ಲು ಕಟ್ಟಿಬಿಡುವ ಪದ್ಧತಿಯನ್ನು ಅವಿವೇಕವೆನ್ನದೆ ವಿಧಿಯಿಲ್ಲ. ಅಲ್ಲಿ ಮುಳುಗುವ ಹಕ್ಕಿಗೆ ನೀರು ಉಳಿದೀತು, ನಡೆಯುವ ಹಕ್ಕಿಗೆ ಕಾಲಿಡಲು ಎಡೆಯುಳಿಯದು. ನಿಮ್ಮೂರಿನ ಕೆರೆಯ ಹೂಳೆತ್ತುವ ಮಾತು ಸಭೆಗೆ ಬಂದಾಗ, ಒಂದು ಮಗ್ಗುಲಿನ ಇಳಿಜಾರನ್ನಾದರೂ ಕಲ್ಲು ಹಾಸದೆ ಕೆಸರಾಗಿಯೇ ಬಿಡುವಂತೆ ಒತ್ತಾಯಿಸಿರಿ.